ಘಟ್ಟದಿಂದ ಪಶ್ಚಿಮಕ್ಕೆ ಹೊರಳಿಸಿದ ಭೀಮೆಯ ನೀರು: ಮುಂಬಯಿಯ ವಿದ್ಯುತ್ತು ಮತ್ತು ಕಲಬುರಗಿಯ ಬೇಸಿಗೆ

ಮುಂಬಯಿಗೆ ವಿದ್ಯುತ್ ಒದಗಿಸುವ ಜಲಾಶಯಗಳಲ್ಲಿ ಎಲ್ಲಕ್ಕಿಂತ ಹಳೆಯವು ಪುಣೆ ಜಿಲ್ಲೆಯ ಮಾವಳ ಮತ್ತು ಮುಳಶಿ ತಾಲ್ಲೂಕುಗಳಲ್ಲಿ, ಸಹ್ಯಾದ್ರಿಯ ಅಂಚಿನಲ್ಲೇ ಇವೆ. ಲೋಣಾವಳಾ, ವಳವಣ, ಶಿರೋತಾ, ಠೋಕರವಾಡಿ ಮತ್ತು ಮುಳಶಿ ಎಂಬ ಈ ಕೆರೆಗಳಿಗೆ ಬರುವ ಮಳೆನೀರು ಸ್ವಭಾವತಃ ಪೂರ್ವಕ್ಕೆ ಹರಿಯಬೇಕಾದದ್ದು. ಇಂದ್ರಾಯಣಿ ಮತ್ತು ಮುಳಾ ನದಿಗಳ ಮೂಲಕ ಭೀಮೆಯನ್ನು ಸೇರಿ, ಉಜನಿ ಜಲಾಶಯವನ್ನೂ ಪಂಢರಪುರವನ್ನೂ ದಾಟಿ, ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳ ಅಂಚಿನಲ್ಲಿ ಸಾಗಿ, ರಾಯಚೂರಿನ ಬಳಿ ಕೃಷ್ಣೆಯಲ್ಲಿ ಬೆರೆತು ಬಂಗಾಳಕೊಲ್ಲಿಗೆ ಹೋಗಬೇಕಾದ ಆ ನೀರನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಅಣೆಕಟ್ಟುಗಳಲ್ಲಿ ತಡೆದು, ಸುರಂಗ ಮತ್ತು ಕೊಳವೆಗಳ ಮೂಲಕ ಘಟ್ಟದ ಕೆಳಕ್ಕೆ ಬಿಟ್ಟು, ಕೊಂಕಣದ ವಿದ್ಯುದಾಗಾರಗಳಲ್ಲಿ ಟರ್ಬೈನ್ ತಿರುಗಿಸಿ, ಅರಬ್ಬಿ ಸಮುದ್ರದ ಕಡೆಗೆ ಹರಿಸಲಾಗುತ್ತಿದೆ.

ಈ ಹಳೆಯ ವ್ಯವಸ್ಥೆ ಇಂದು ಮತ್ತೆ ಚರ್ಚೆಗೆ ಬರಲು ಮೂರು ಕಾರಣಗಳಿವೆ. ಪುಣೆ ಮತ್ತು ಪಿಂಪ್ರಿ-ಚಿಂಚವಡ ನಗರಗಳು ಬೆಳೆದಂತೆ ಮುಳಶಿಯ ನೀರನ್ನು ಕುಡಿಯಲು ಕೊಡಬೇಕೆಂಬ ಬೇಡಿಕೆ ಬಲವಾಗಿದೆ. ಬರಗಾಲದ ವರ್ಷಗಳಲ್ಲಿ, ಮುಖ್ಯವಾಗಿ ಲಾತೂರಿಗೆ ರೈಲಿನಲ್ಲಿ ನೀರು ಸಾಗಿಸಿದ 2016ರಲ್ಲಿ, ಪಶ್ಚಿಮಕ್ಕೆ ಹೋಗುವ ನೀರನ್ನು ಭೀಮಾ ಕಣಿವೆಗೆ ಮರಳಿಸಬೇಕೆಂಬ ಕೂಗು ಸೊಲ್ಲಾಪುರ ಮತ್ತು ಮರಾಠವಾಡಾದಿಂದ ಎದ್ದಿತು. ಇದರ ನಡುವೆಯೇ 2023ರ ಆಗಸ್ಟ್‌ನಲ್ಲಿ ಶಿರೋತಾದಲ್ಲಿ 1,800 ಮೆಗಾವಾಟ್ ಮತ್ತು ಭಿವಪುರಿಯಲ್ಲಿ 1,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುವ) ಯೋಜನೆಗಳಿಗಾಗಿ, ಈ ಕೆರೆಗಳನ್ನು ನಡೆಸುವ ಟಾಟಾ ಪವರ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವೆ ಒಡಂಬಡಿಕೆಯಾಯಿತು. ಅಂದರೆ ಈ ಕೆರೆಗಳ ನೀರನ್ನು ಹೇಗೆ ಬಳಸಬೇಕೆಂಬ ಪ್ರಶ್ನೆ ಮುಂದಿನ ಹಲವು ದಶಕಗಳಿಗೆ ಈಗ ತೀರ್ಮಾನವಾಗುತ್ತಿದೆ. ಭೀಮಾ ತೀರದ ಕನ್ನಡ ಜಿಲ್ಲೆಗಳಿಂದ ದುಡಿಮೆಗಾಗಿ ಮುಂಬಯಿ ಮತ್ತು ಪುಣೆಗೆ ಬಂದವರು ಲಕ್ಷಗಟ್ಟಲೆ ಇದ್ದರೂ, ಇಲ್ಲಿನ ಕನ್ನಡಿಗರ ನಡುವೆ ಈ ವಿಷಯ ಚರ್ಚೆಯಾದದ್ದು ತೀರ ಕಡಿಮೆ.

ಇತಿಹಾಸವನ್ನು ಚುಟುಕಾಗಿ ನೋಡಬಹುದು. ಮುಂಬಯಿಯ ಬಟ್ಟೆ ಗಿರಣಿಗಳು ಕಲ್ಲಿದ್ದಲಿನ ಹೊಗೆಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಘಟ್ಟದ ಮಳೆಯಿಂದ ವಿದ್ಯುತ್ ಉತ್ಪಾದಿಸುವ ಯೋಜನೆ ರೂಪುಗೊಂಡಿತು. 1910ರಲ್ಲಿ ಟಾಟಾ ಹೈಡ್ರೋ ಎಲೆಕ್ಟ್ರಿಕ್ ಕಂಪನಿ ಸ್ಥಾಪನೆಯಾಯಿತು. 1915ರಲ್ಲಿ ಖೋಪೋಲಿ, 1922ರಲ್ಲಿ ಭಿವಪುರಿ ಮತ್ತು 1927ರಲ್ಲಿ ಭಿರಾ ವಿದ್ಯುದಾಗಾರಗಳು ಕೆಲಸ ಆರಂಭಿಸಿದವು. ಇಂದು ಖೋಪೋಲಿಯ ಸಾಮರ್ಥ್ಯ 72 ಮೆಗಾವಾಟ್, ಭಿವಪುರಿಯದು 75, ಭಿರಾದ್ದು 300. ಒಟ್ಟು 447 ಮೆಗಾವಾಟ್. ಭಿರಾದ 300ರಲ್ಲಿ 150 ಮೆಗಾವಾಟಿನ ಒಂದು ಘಟಕವು 1990ರ ದಶಕದಲ್ಲಿ ಸೇರಿದ ಪಂಪ್ಡ್ ಸ್ಟೋರೇಜ್ ಘಟಕ.

ಮುಳಶಿಯ ಕಥೆಯನ್ನು ಮಾತ್ರ ಒಂದು ಸಾಲಿನಲ್ಲಿ ಮುಗಿಸುವುದು ನ್ಯಾಯವಲ್ಲ. ನೀಲಾ ಮತ್ತು ಮುಳಾ ನದಿಗಳು ಕೂಡುವಲ್ಲಿ ಅಣೆಕಟ್ಟು ಕಟ್ಟಲು 1894ರ ಭೂಸ್ವಾಧೀನ ಕಾಯ್ದೆಯ ಬಲದಿಂದ ಭತ್ತದ ಗದ್ದೆಗಳನ್ನು ವಶಪಡಿಸಿಕೊಂಡಾಗ, ಮಾವಳದ ರೈತರು 1921ರಲ್ಲಿ ಸತ್ಯಾಗ್ರಹಕ್ಕೆ ಕುಳಿತರು. ಮುಂದೆ ಸೇನಾಪತಿ ಎಂದು ಹೆಸರಾದ ಪಾಂಡುರಂಗ ಮಹಾದೇವ ಬಾಪಟ್ ಮತ್ತು ವಿನಾಯಕರಾವ್ ಭುಸ್ಕುಟೆ ಅದರ ಮುಂದಾಳುಗಳಾಗಿದ್ದರು. ಐವತ್ತಕ್ಕೂ ಹೆಚ್ಚು ಹಳ್ಳಿಗಳ ಬದುಕನ್ನು ಕುರಿತ ಈ ಹೋರಾಟ ಜಗತ್ತಿನಲ್ಲೇ ಮೊದಮೊದಲ ಅಣೆಕಟ್ಟು ವಿರೋಧಿ ಚಳವಳಿಗಳಲ್ಲಿ ಒಂದು. ಅದು 1924ರ ಹೊತ್ತಿಗೆ ಸೋತಿತು, ನೆಲ ಮುಳುಗಿತು. ಮುಳುಗಡೆಯಾದವರಿಗೆ ಬದಲಿ ಭೂಮಿ ಕೊಡಬೇಕೆಂಬ ಕಾನೂನು ಮಹಾರಾಷ್ಟ್ರದಲ್ಲಿ ಬಂದದ್ದು 1976ರಲ್ಲಿ. ಮುಳಶಿಯವರಿಗೆ ಅದು ಅರ್ಧ ಶತಮಾನ ತಡವಾಗಿತ್ತು. ಇಂದು ಈ ನೀರು ಯಾರದೆಂದು ಪುಣೆ, ಸೊಲ್ಲಾಪುರ, ಮುಂಬಯಿಗಳು ವಾದಿಸುವಾಗ, ಮೊದಲು ಕಳೆದುಕೊಂಡವರ ಮೊಮ್ಮಕ್ಕಳು ಆ ಹಿನ್ನೀರಿನ ದಂಡೆಯಲ್ಲೇ ಇನ್ನೂ ವಾಸಿಸುತ್ತಿದ್ದಾರೆ ಎಂಬುದು ಎಲ್ಲ ಲೆಕ್ಕಗಳಿಗೂ ಮೊದಲು ನೆನಪಿರಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಈ ಯೋಜನೆಯ ಶಕ್ತಿ ಇರುವುದು ನೀರಿನ ಪ್ರಮಾಣದಲ್ಲಿ ಅಲ್ಲ, ಬೀಳುವ ಎತ್ತರದಲ್ಲಿ. ಸಹ್ಯಾದ್ರಿ ಪೂರ್ವದ ಕಡೆಗೆ ಮೆಲ್ಲನೆ ಇಳಿಯುತ್ತದೆ, ಪಶ್ಚಿಮಕ್ಕೆ ಗೋಡೆಯಂತೆ ಕಡಿದಾಗಿ ಇಳಿಯುತ್ತದೆ. ಕೆಲವೇ ಕಿಲೋಮೀಟರುಗಳಲ್ಲಿ ಐನೂರು ಮೀಟರಿನಷ್ಟು ಎತ್ತರ ಸಿಗುವುದರಿಂದ, ಸಾವಿರ ಲೀಟರ್ ನೀರು ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ವಿದ್ಯುತ್ ಕೊಡುತ್ತದೆ. ಅದೇ ನೀರನ್ನು ಅಣೆಕಟ್ಟಿನ ಬುಡದಲ್ಲಿ ಪೂರ್ವಕ್ಕೆ ಬಿಟ್ಟು ವಿದ್ಯುತ್ ತೆಗೆದರೆ ಅದರ ಹತ್ತರಲ್ಲೊಂದು ಪಾಲೂ ಸಿಗುವುದು ಕಷ್ಟ. ಘಟ್ಟದ ಮೇಲಿನ ನೀರನ್ನು ಪಶ್ಚಿಮಕ್ಕೆ ತಿರುಗಿಸಲು ಎಂಜಿನಿಯರುಗಳಿಗೆ ಇದ್ದ ಕಾರಣ ಇಷ್ಟೇ, ಮತ್ತು ಆ ಕಾಲಕ್ಕೆ ಅದು ಸಣ್ಣ ಕಾರಣವಾಗಿರಲಿಲ್ಲ.

ಎಷ್ಟು ನೀರು ಹೀಗೆ ಹೋಗಬಹುದು ಎಂಬುದಕ್ಕೆ ಕಾನೂನಿನ ಮಿತಿ ಇದೆ. ಕೃಷ್ಣಾ ಜಲವಿವಾದವನ್ನು ತೀರ್ಮಾನಿಸಿದ ನ್ಯಾಯಮೂರ್ತಿ ಬಚಾವತ್ ನೇತೃತ್ವದ ನ್ಯಾಯಮಂಡಳಿಯು ಟಾಟಾ ಜಲವಿದ್ಯುತ್ ಯೋಜನೆಗಳಿಗಾಗಿ ಮೇಲ್ಭೀಮಾ ಕಣಿವೆಯಿಂದ ಹೊರಕ್ಕೆ ಯಾವುದೇ ಒಂದು ಜಲವರ್ಷದಲ್ಲಿ (ಜೂನ್‌ನಿಂದ ಮೇ ವರೆಗೆ) 54.5 ಟಿಎಂಸಿಗಿಂತ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹೆಚ್ಚು ಮತ್ತು ಸತತ ಯಾವುದೇ ಐದು ವರ್ಷಗಳ ಅವಧಿಯಲ್ಲಿ 212 ಟಿಎಂಸಿಗಿಂತ ಹೆಚ್ಚು ನೀರು ಕೊಂಡೊಯ್ಯಬಾರದೆಂದು ವಿಧಿಸಿತು. ಸರಾಸರಿ ತೆಗೆದರೆ ವರ್ಷಕ್ಕೆ 42.4 ಟಿಎಂಸಿ. ಸಾತಾರಾ ಜಿಲ್ಲೆಯ ಕೊಯ್ನಾ ಯೋಜನೆಯ ಪಶ್ಚಿಮದ ಹರಿವಿಗೂ ಅದೇ ತೀರ್ಪು ಮಿತಿ ಹಾಕಿತು. ಆರಂಭದಲ್ಲಿ ಹೆಚ್ಚು ಬಿಟ್ಟು, ಹಂತಹಂತವಾಗಿ 67.5 ಟಿಎಂಸಿಗೆ ಇಳಿಸಿತು. ಎರಡನ್ನೂ ಕೂಡಿದರೆ ಕೃಷ್ಣಾ ಕಣಿವೆಯಿಂದ ವರ್ಷಕ್ಕೆ ಸುಮಾರು 110 ಟಿಎಂಸಿ ನೀರು ಘಟ್ಟ ಇಳಿದು ಕೊಂಕಣಕ್ಕೆ ಹೋಗಲು ಅವಕಾಶವಿದೆ.

ಈ ಸಂಖ್ಯೆಗಳ ಅರ್ಥ ಹೋಲಿಕೆಯಲ್ಲಿ ಮಾತ್ರ ತಿಳಿಯುತ್ತದೆ. ಭೀಮೆಗೆ ಕಟ್ಟಿದ ಅತಿ ದೊಡ್ಡ ಅಣೆಕಟ್ಟಾದ ಉಜನಿಯ ಒಟ್ಟು ಸಂಗ್ರಹ 117 ಟಿಎಂಸಿ, ಅದರಲ್ಲಿ ಬಳಕೆಗೆ ಸಿಗುವುದು ಸುಮಾರು 54. ಪುಣೆ ನಗರವನ್ನು ಸಾಕುವ ಖಡಕ್‌ವಾಸಲಾ, ಪಾನಶೇತ್, ವರಸಗಾಂವ್ ಮತ್ತು ಟೇಮಘರ್ ಎಂಬ ನಾಲ್ಕು ಜಲಾಶಯಗಳ ಒಟ್ಟು ಸಾಮರ್ಥ್ಯ 29.15 ಟಿಎಂಸಿ. ನಮ್ಮ ಉತ್ತರ ಕರ್ನಾಟಕದ ಜನ ದಶಕಗಳಿಂದ ಬೀದಿಗಿಳಿದು ಕೇಳುತ್ತಿರುವ ಕಳಸಾ-ಬಂಡೂರಿಯ ನೀರು 2018ರ ಮಹದಾಯಿ ತೀರ್ಪಿನ ಪ್ರಕಾರ 3.9 ಟಿಎಂಸಿ. ಬರದ ಬೇಸಿಗೆಗಳಲ್ಲಿ ಕರ್ನಾಟಕ ಸರ್ಕಾರ ಮಹಾರಾಷ್ಟ್ರಕ್ಕೆ ಪತ್ರ ಬರೆದು, ಕುಡಿಯುವ ನೀರಿಗಾಗಿ ಕೊಯ್ನಾ ಅಥವಾ ವಾರಣಾದಿಂದ ಕೃಷ್ಣೆಗೆ ಮತ್ತು ಉಜನಿಯಿಂದ ಭೀಮೆಗೆ ಬಿಡಲು ಕೋರುವುದು ಕೆಲವೇ ಟಿಎಂಸಿ. ಅಫಜಲಪುರದ ಸೊನ್ನ ಬ್ಯಾರೇಜಿನಲ್ಲಿ ನೀರು ತಳ ಕಂಡಾಗ ಆ ಒಂದು ಟಿಎಂಸಿಯ ಬೆಲೆ ಏನೆಂಬುದು ದಂಡೆಯ ಹಳ್ಳಿಗಳಿಗೆ ಗೊತ್ತು.

ಇಷ್ಟು ನೀರಿಗೆ ಪ್ರತಿಯಾಗಿ ಸಿಗುವ ವಿದ್ಯುತ್ ಎಷ್ಟು? 42.4 ಟಿಎಂಸಿ ಎಂದರೆ ಸುಮಾರು 120 ಕೋಟಿ ಘನ ಮೀಟರ್. ಐನೂರು ಮೀಟರ್ ಎತ್ತರದಿಂದ ಬೀಳುವ ಆ ನೀರು, ಯಂತ್ರಗಳ ನಷ್ಟ ಕಳೆದು, ವರ್ಷಕ್ಕೆ ಸುಮಾರು 140 ಕೋಟಿ ಯೂನಿಟ್ ಕೊಡುತ್ತದೆ. ತಿಂಗಳಿಗೆ 300 ಯೂನಿಟ್ ಬಳಸುವ ನಾಲ್ಕು ಲಕ್ಷದಷ್ಟು ಮನೆಗಳಿಗೆ ಅದು ಸಾಕು. ಆ ಒಂದೊಂದು ಮನೆಯ ತಿಂಗಳ ವಿದ್ಯುತ್ತಿಗೆ ಬೇಕಾಗುವುದು ಎರಡೂವರೆ ಲಕ್ಷ ಲೀಟರಿಗಿಂತ ಹೆಚ್ಚು ನೀರು. ಐದು ಜನರ ಅದೇ ಮನೆ ತಿಂಗಳಿಗೆ ಕುಡಿಯಲು, ತೊಳೆಯಲು, ಸ್ನಾನಕ್ಕೆ ಬಳಸುವುದು ಇಪ್ಪತ್ತು ಸಾವಿರ ಲೀಟರಿನ ಆಸುಪಾಸು. 1915ರಲ್ಲಿ ಬೇರೆ ದಾರಿ ಇರಲಿಲ್ಲ. ಇಂದು 140 ಕೋಟಿ ಯೂನಿಟ್‌ಗಳನ್ನು ಸುಮಾರು 900 ಮೆಗಾವಾಟಿನ ಸೌರ ಘಟಕಗಳು ಕೊಡಬಲ್ಲವು. ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕ್ ಒಂದರ ಸಾಮರ್ಥ್ಯವೇ 2,050 ಮೆಗಾವಾಟ್.

ಆದರೆ ಇಷ್ಟಕ್ಕೇ ಕೊಂಕಣದ ಕೊಳವೆಗಳನ್ನು ಮುಚ್ಚಿ ಬಿಡಬೇಕು ಎನ್ನುವವರ ಜೊತೆ ನಾನು ಸೇರುವುದಿಲ್ಲ. ಜಲವಿದ್ಯುತ್ತನ್ನು ಯೂನಿಟ್ ಲೆಕ್ಕದಲ್ಲಿ ಮಾತ್ರ ಅಳೆಯಲಾಗದು. ಸೂರ್ಯ ಮುಳುಗಿದ ಮೇಲೆ ನಗರದ ಬೇಡಿಕೆ ಏರುವಾಗ ಕೆಲವೇ ನಿಮಿಷಗಳಲ್ಲಿ ಪೂರ್ಣ ಶಕ್ತಿಗೆ ಬರಬಲ್ಲ ಯಂತ್ರ ಇದು. 2020ರ ಅಕ್ಟೋಬರ್ 12ರಂದು ಗ್ರಿಡ್ ಕುಸಿದು ಮುಂಬಯಿ, ಠಾಣೆ, ನವಿ ಮುಂಬಯಿ ಕತ್ತಲಾದಾಗ, ಲೋಕಲ್ ರೈಲುಗಳು ಹಳಿಯ ಮೇಲೆ ನಿಂತಾಗ, ವಿದ್ಯುತ್ತನ್ನು ಮರಳಿ ತರುವ ಕೆಲಸದಲ್ಲಿ ಈ ಜಲವಿದ್ಯುತ್ ಘಟಕಗಳ ಪಾಲಿತ್ತು. ನಗರದ ಗರಿಷ್ಠ ಬೇಡಿಕೆ ಈಗ 4,000 ಮೆಗಾವಾಟ್ ದಾಟುತ್ತದೆ. 447 ಮೆಗಾವಾಟ್ ಅದರ ಸುಮಾರು ಹತ್ತನೇ ಒಂದು ಪಾಲು ಮಾತ್ರ. ಆದರೂ ಆಸ್ಪತ್ರೆಗಳಿಗೂ ರೈಲಿಗೂ ಮೊದಲು ತಲುಪಬೇಕಾದದ್ದು ಆ ಪಾಲೇ.

ಎರಡನೆಯ ತೊಡಕು ಇನ್ನೂ ಗಂಭೀರವಾದದ್ದು. ಟರ್ಬೈನ್ ದಾಟಿದ ನೀರು ನೇರವಾಗಿ ಸಮುದ್ರಕ್ಕೆ ಹೋಗಿ ವ್ಯರ್ಥವಾಗುತ್ತದೆ ಎಂಬುದು ಘಟ್ಟದ ಮೇಲಿನವರ ಸಾಮಾನ್ಯ ನಂಬಿಕೆ. ಅದು ಮಳೆಗಾಲಕ್ಕೆ ನಿಜ, ಉಳಿದ ಎಂಟು ತಿಂಗಳಿಗೆ ನಿಜವಲ್ಲ. ಭಿವಪುರಿಯ ನೀರು ಉಲ್ಹಾಸ ನದಿಗೆ ಸೇರುತ್ತದೆ. ಬದಲಾಪುರ, ಅಂಬರನಾಥ, ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿಗಳ ಬೇಸಿಗೆಯ ಕುಡಿಯುವ ನೀರಿಗೆ ಬಾರವಿ ಜಲಾಶಯದ ಜೊತೆಗೆ ಈ ಹರಿವೇ ಆಧಾರ. ಭಿವಪುರಿಗೆ ನೀರು ಕೊಡುವ ಠೋಕರವಾಡಿ ಜಲಾಶಯವನ್ನು ಅಲ್ಲಿನ ಜನ ಕರೆಯುವುದೇ, ಅದನ್ನು ತುಂಬುವ ಆಂಧ್ರ ನದಿಯ ಹೆಸರಿನಲ್ಲಿ, ಆಂಧ್ರ ಡ್ಯಾಮ್ ಎಂದು. ಖೋಪೋಲಿಯ ನೀರು ಪಾತಾಳಗಂಗೆಗೆ ಹೋಗಿ ರಸಾಯನಿ, ಪನವೇಲ್ ಕಡೆಯ ಕಾರ್ಖಾನೆಗಳಿಗೂ ಊರುಗಳಿಗೂ ಒದಗುತ್ತದೆ. ಭಿರಾದ ನೀರು ಕುಂಡಲಿಕಾ ನದಿಯನ್ನು ವರ್ಷವಿಡೀ ಹರಿಯುವಂತೆ ಇಟ್ಟಿದೆ. ರೋಹಾದ ಕೈಗಾರಿಕಾ ಪ್ರದೇಶವೂ ಕೋಲಾಡಿನ ದೋಣಿ ಸಾಹಸದ ವ್ಯಾಪಾರವೂ ಭಿರಾದಿಂದ ಬಿಡುವ ನೀರಿನ ಮೇಲೇ ನಿಂತಿವೆ. ಡೊಂಬಿವಲಿಯಲ್ಲಿ ಎಷ್ಟು ಕನ್ನಡ ಮನೆಗಳಿವೆ ಎಂಬುದು ಮುಂಬಯಿ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಇಂಡಿಯಲ್ಲೋ ಅಫಜಲಪುರದಲ್ಲೋ ಇರುವ ಅಣ್ಣನ ಹೊಲಕ್ಕೆ ಸಿಗದ ನೀರು, ಕಲ್ಯಾಣದಲ್ಲಿರುವ ತಮ್ಮನ ನಲ್ಲಿಯಲ್ಲಿ ಬರುತ್ತಿರಬಹುದು. ಈ ಪ್ರಶ್ನೆಯನ್ನು ನಗರ ವಿರುದ್ಧ ಹಳ್ಳಿ ಎಂದು ಬಿಡಿಸಲು ಹೊರಟರೆ ಒಂದೇ ಮನೆತನದ ಎರಡು ಕವಲುಗಳನ್ನು ಎದುರುಬದುರು ನಿಲ್ಲಿಸಿದಂತಾಗುತ್ತದೆ.

ಕನ್ನಡ ಓದುಗರು ಗಮನಿಸಬೇಕಾದ ಮೂರನೆಯ ಸಂಗತಿ ಕಾನೂನಿನದು, ಮತ್ತು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಬಚಾವತ್ ತೀರ್ಪು ಕೃಷ್ಣೆಯ 2,060 ಟಿಎಂಸಿ ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700 ಮತ್ತು ಅಂದಿನ ಆಂಧ್ರಪ್ರದೇಶಕ್ಕೆ 800 ಟಿಎಂಸಿ ಹಂಚಿತು. ಪಶ್ಚಿಮಕ್ಕೆ ಹೋಗುವ ನೀರು ಮಹಾರಾಷ್ಟ್ರದ ಆ 560ರ ಒಳಗಿನ ಲೆಕ್ಕ. ಆದ್ದರಿಂದ ನಾಳೆ ಮುಳಶಿಯ ನೀರನ್ನು ಪೂರ್ವಕ್ಕೆ ತಿರುಗಿಸಿದರೆ, ಅದನ್ನು ಪುಣೆಯ ಕೊಳಾಯಿಗಳಿಗೋ ಸೊಲ್ಲಾಪುರದ ಕಬ್ಬಿಗೋ ಬಳಸಿಕೊಳ್ಳುವ ಹಕ್ಕು ಮಹಾರಾಷ್ಟ್ರಕ್ಕೆ ಇದೆ. ನಗರಗಳು ಬಳಸಿ ಬಿಟ್ಟ ಕೊಳಚೆಯ ಒಂದಂಶ ಮುಳಾ-ಮುಠಾ ಮೂಲಕ ಉಜನಿಗೆ ಬರಬಹುದು. ಕರ್ನಾಟಕದ ಗಡಿ ದಾಟಿ ಒಂದು ಹನಿ ಹೆಚ್ಚುವರಿ ನೀರು ಬರಬೇಕೆಂಬ ಕಟ್ಟುಪಾಡು ಎಲ್ಲೂ ಇಲ್ಲ. ಬ್ರಿಜೇಶ್ ಕುಮಾರ್ ಅವರ ಎರಡನೇ ನ್ಯಾಯಮಂಡಳಿ 2010ರಲ್ಲಿ ಮತ್ತು 2013ರಲ್ಲಿ ತೀರ್ಪು ಕೊಟ್ಟರೂ, ಸುಪ್ರೀಂ ಕೋರ್ಟಿನ ತಡೆಯಿಂದಾಗಿ ಅದು ಅಧಿಸೂಚನೆಯಾಗಿಲ್ಲ. ಹೀಗಾಗಿ "ಪಶ್ಚಿಮದ ನೀರು ಮರಳಲಿ" ಎಂಬ ಮಹಾರಾಷ್ಟ್ರದ ಘೋಷಣೆಗೆ ಕರ್ನಾಟಕದವರು ಸುಮ್ಮನೆ ದನಿಗೂಡಿಸಿದರೆ, ಕಲಬುರಗಿಯ ಬೇಸಿಗೆ ಹಾಗೆಯೇ ಉಳಿಯುತ್ತದೆ.

ಮಹದಾಯಿಯ ವಿಷಯದಲ್ಲಿ ನಾವು ಆಡಿದ ಮಾತಿಗೂ ಇಲ್ಲಿ ಬದ್ಧರಾಗಿರಬೇಕು. ಒಂದು ಕಣಿವೆಯ ನೀರನ್ನು ಇನ್ನೊಂದಕ್ಕೆ ಒಯ್ಯುವುದೇ ತಪ್ಪು ಎಂದು ಗೋವಾ ವಾದಿಸಿದಾಗ, ಕುಡಿಯುವ ನೀರಿಗೆ ಅಂಥ ತಡೆ ಸಲ್ಲದು ಎಂದು ಕರ್ನಾಟಕ ಹೇಳಿತು. ಅದೇ ಅಳತೆಗೋಲಿನಲ್ಲಿ, ಕಣಿವೆಯ ಹೊರಗೆ ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ಟಾಟಾ ಕೆರೆಗಳ ನೀರನ್ನು ಅನ್ಯಾಯ ಎನ್ನಲಾಗದು. ಯಾವ ಋತುವಿನಲ್ಲಿ, ಯಾವ ಬಳಕೆಗೆ, ಬೇರೆ ದಾರಿ ಇದ್ದೂ ಹೋಗುತ್ತಿದೆಯೇ ಎಂಬುದನ್ನು ಕೇಳಬೇಕು.

ಹಾಗೆ ಕೇಳಿದಾಗ ಒಂದು ಸಾಧ್ಯತೆ ತೆರೆಯುತ್ತದೆ, ಮತ್ತು ಅದಕ್ಕೆ ತೀರ್ಪನ್ನು ತಿದ್ದುವ ಅಗತ್ಯವೂ ಇಲ್ಲ. ಐದು ವರ್ಷಗಳಿಗೆ 212 ಟಿಎಂಸಿ, ಯಾವುದೇ ಒಂದು ವರ್ಷಕ್ಕೆ 54.5 ಎಂಬ ಮಿತಿಯಲ್ಲೇ ಏರಿಳಿತಕ್ಕೆ ಜಾಗವಿದೆ. ಮಳೆ ಚೆನ್ನಾಗಿರುವ ನಾಲ್ಕು ವರ್ಷಗಳಲ್ಲಿ ತಲಾ 49 ಟಿಎಂಸಿ ಪಶ್ಚಿಮಕ್ಕೆ ಬಿಟ್ಟರೆ 196 ಆಗುತ್ತದೆ. ಬರದ ಐದನೆಯ ವರ್ಷಕ್ಕೆ ಉಳಿಯುವುದು 16. ಅಂದರೆ ಆ ವರ್ಷದ ಸರಾಸರಿ ಪಾಲಿನಲ್ಲಿ 26 ಟಿಎಂಸಿ ಭೀಮಾ ಕಣಿವೆಯಲ್ಲಿ ಉಳಿಯಬಹುದು, ಐದು ವರ್ಷಗಳ ಒಟ್ಟು ವಿದ್ಯುತ್ತಿನಲ್ಲಿ ಕಡಿತವಾಗದೆ. ಬರದ ವರ್ಷದ ಕೊರತೆಯನ್ನು ಕಂಪನಿ ಮಾರುಕಟ್ಟೆಯಿಂದಲೋ ಸೌರ ಘಟಕಗಳಿಂದಲೋ ತುಂಬಬೇಕಾಗುತ್ತದೆ. ಅದರ ವೆಚ್ಚ ಮುಂಬಯಿಯ ಗ್ರಾಹಕರ ಬಿಲ್ಲಿನಲ್ಲಿ ಸ್ವಲ್ಪ ಕಾಣಿಸುತ್ತದೆ, ಅದನ್ನು ಹೊರುವುದು ನ್ಯಾಯವೆಂದು ಮುಂಬಯಿಯವನಾಗಿಯೇ ನಾನು ಹೇಳುತ್ತೇನೆ. ತಲೆಗೆ ದಿನಕ್ಕೆ 150 ಲೀಟರ್ ಎಂದರೆ ಒಂದು ಟಿಎಂಸಿ ನೀರು ಐದು ಲಕ್ಷ ಜನರಿಗೆ ಒಂದು ವರ್ಷಕ್ಕೆ ಸಾಕು. ಉಳಿದ 16 ಟಿಎಂಸಿಯನ್ನು ಬೇಸಿಗೆಯ ತಿಂಗಳುಗಳಿಗೆ ಎತ್ತಿಟ್ಟು ಬಿಟ್ಟರೆ ಉಲ್ಹಾಸ ಮತ್ತು ಪಾತಾಳಗಂಗೆಯ ಕುಡಿಯುವ ನೀರಿನ ಯೋಜನೆಗಳು ಬತ್ತುವುದಿಲ್ಲ.

ಇದು ಕಾಗದದ ಲೆಕ್ಕ ಮಾತ್ರವಲ್ಲ ಎನ್ನಲು ಮಳೆಯ ಸ್ವಭಾವವೇ ಕಾರಣ. ಮುಳಶಿಯ ಪಕ್ಕದ ತಾಮ್ಹಿಣಿ ಘಟ್ಟದಲ್ಲಿ ವರ್ಷಕ್ಕೆ ಆರು ಸಾವಿರ ಮಿಲಿಮೀಟರ್ ಮಳೆ ಅಪರೂಪವಲ್ಲ. ಅದೇ ಭೀಮೆಯ ಕೆಳದಂಡೆಯಲ್ಲಿ, ಸೊಲ್ಲಾಪುರ-ವಿಜಯಪುರಗಳಲ್ಲಿ, ಬೀಳುವುದು ಆರು ನೂರರ ಆಸುಪಾಸು. ಬಯಲಿನಲ್ಲಿ ಮಳೆ ಅರ್ಧಕ್ಕೆ ಇಳಿದು ಬಿತ್ತನೆ ಒಣಗುವ ವರ್ಷದಲ್ಲೂ ಘಟ್ಟದ ನೆತ್ತಿಯ ಕೆರೆಗಳಿಗೆ ನೀರು ಬಂದೇ ಬರುತ್ತದೆ. ಬರದ ವರ್ಷದಲ್ಲಿ ಭೀಮಾ ಕಣಿವೆಗೆ ಇರುವ ಅತಿ ನಂಬಿಕಸ್ತ ನೀರು ಇದೇ. ಅತಿವೃಷ್ಟಿಯ ವರ್ಷದಲ್ಲಿ ಇದರ ತದ್ವಿರುದ್ಧ ಬೇಕು: 2020ರ ಅಕ್ಟೋಬರ್‌ನಲ್ಲಿ ಉಜನಿಯಿಂದ ಬಿಟ್ಟ ನೀರು ಸೇರಿ ಭೀಮೆ ಉಕ್ಕಿ ಕಲಬುರಗಿಯ ದಂಡೆಯ ಹಳ್ಳಿಗಳು ಮುಳುಗಿದವು. ಅಂಥ ವಾರಗಳಲ್ಲಿ ಸಾಧ್ಯವಾದಷ್ಟು ನೀರು ಪಶ್ಚಿಮಕ್ಕೆ ಇಳಿಯುವುದು ಪುಣೆಗೂ ಒಳ್ಳೆಯದು, ಗಾಣಗಾಪುರಕ್ಕೂ ಒಳ್ಳೆಯದು.

ಪಂಪ್ಡ್ ಸ್ಟೋರೇಜ್ ಯೋಜನೆಗಳು ಇಲ್ಲಿ ಮುಖ್ಯವಾಗುತ್ತವೆ. ಮೇಲೊಂದು, ಕೆಳಗೊಂದು ಜಲಾಶಯ. ಹಗಲಲ್ಲಿ ಸೌರ ವಿದ್ಯುತ್ ಅಗ್ಗವಾಗಿರುವಾಗ ನೀರನ್ನು ಮೇಲಕ್ಕೆತ್ತಿ, ಸಂಜೆ ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುವುದು. ಎತ್ತಲು ಬಳಸಿದ ವಿದ್ಯುತ್ತಿನ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು ಮರಳಿ ಸಿಗುತ್ತದೆ. ಮೊದಲ ಬಾರಿ ತುಂಬಿದ ಮೇಲೆ ನೀರಿನ ಖರ್ಚು ಆವಿಯಾಗುವಷ್ಟೇ. ಶರಾವತಿಯ ತಲಕಳಲೆ ಮತ್ತು ಗೇರುಸೊಪ್ಪೆಯ ನಡುವೆ ಯೋಜಿಸಿರುವ 2,000 ಮೆಗಾವಾಟಿನ ಘಟಕದ ಕುರಿತ ವಿವಾದದಿಂದ ಕನ್ನಡಿಗರಿಗೆ ಈ ತಂತ್ರ ಪರಿಚಿತ. ಕಾಡಿನ ನಷ್ಟ, ಸುರಂಗಗಳಿಂದ ಘಟ್ಟದ ಇಳಿಜಾರಿಗೆ ಆಗುವ ಹಾನಿ, ಈ ಆತಂಕಗಳು ಸಹ್ಯಾದ್ರಿಯ ಈ ತುದಿಗೂ ಅನ್ವಯಿಸುತ್ತವೆ, ಮತ್ತು ಅವಕ್ಕೆ ಉತ್ತರ ಸಿಗದೆ ಕೆಲಸ ಮುಂದುವರಿಯಬಾರದು. ಆದರೆ ಒಂದು ವ್ಯತ್ಯಾಸವಿದೆ. ಶರಾವತಿ ತಾನಾಗಿ ಪಶ್ಚಿಮಕ್ಕೆ ಹರಿಯುವ ನದಿ. ಅಲ್ಲಿ ಪೂರ್ವದವರ ನೀರಿನ ಪ್ರಶ್ನೆ ಇಲ್ಲ. ಶಿರೋತಾ ಮತ್ತು ಭಿವಪುರಿಯಲ್ಲಿ, ಒಂದೇ ನೀರನ್ನು ಮತ್ತೆ ಮತ್ತೆ ಬಳಸಿ ಸಂಜೆಯ ಬೇಡಿಕೆಯನ್ನು ಪೂರೈಸಲು ಸಾಧ್ಯವಾದರೆ, ಅದೇ ಬೇಡಿಕೆಗಾಗಿ ಹೊಸ ನೀರನ್ನು ಕೊಂಕಣಕ್ಕೆ ಇಳಿಸುವ ಅಗತ್ಯ ಕಡಿಮೆಯಾಗುತ್ತದೆ. 447 ಮೆಗಾವಾಟಿನ ಹಳೆಯ ಘಟಕಗಳ ಜೊತೆಗೆ 2,800 ಮೆಗಾವಾಟಿನ ಸಂಗ್ರಹ ಸಾಮರ್ಥ್ಯ ಬಂದ ಮೇಲೂ ಪಶ್ಚಿಮದ ಹರಿವು ಹಿಂದಿನಷ್ಟೇ ಇರಬೇಕೆಂದು ವಾದಿಸಲು ವಿದ್ಯುತ್ತಿನ ಕಾರಣ ಉಳಿಯುವುದಿಲ್ಲ. ಕೆಳಗಿನ ಊರುಗಳ ಕುಡಿಯುವ ನೀರು ಮತ್ತು ಕೈಗಾರಿಕೆಯ ಕಾರಣ ಮಾತ್ರ ಉಳಿಯುತ್ತದೆ, ಮತ್ತು ಅದನ್ನು ಬೇರೆಯಾಗಿ ಅಳೆಯಬಹುದು.

ಆದ್ದರಿಂದ ಈ ಯೋಜನೆಗಳು ವಿದ್ಯುತ್ ಉತ್ಪಾದನೆ ಆರಂಭಿಸುವ ಮುನ್ನವೇ ಷರತ್ತುಗಳನ್ನು ಬರೆಯಬೇಕು. ಪ್ರತಿ ಕೆರೆಯ ಒಳಹರಿವು, ಪಶ್ಚಿಮಕ್ಕೆ ಬಿಟ್ಟ ನೀರು ಮತ್ತು ಪೂರ್ವದ ಗೇಟುಗಳಿಂದ ಹೊರಬಿಟ್ಟ ನೀರು, ಆಲಮಟ್ಟಿಯ ಒಳಹರಿವು-ಹೊರಹರಿವು ನಮಗೆ ದಿನವೂ ಸಿಗುವ ಹಾಗೆ, ಸಾರ್ವಜನಿಕರಿಗೆ ಸಿಗಬೇಕು. ಐದು ವರ್ಷಗಳ 212 ಟಿಎಂಸಿಯಲ್ಲಿ ಎಷ್ಟು ಖರ್ಚಾಗಿದೆ ಎಂಬ ಲೆಕ್ಕವೂ ಅದರಲ್ಲಿರಬೇಕು. ಮುಳಶಿಯ ಹಿನ್ನೀರಿನ ಹಳ್ಳಿಗಳಿಗೆ ತಮ್ಮ ಕಣ್ಣೆದುರಿನ ನೀರಿನಲ್ಲಿ ಮೊದಲ ಪಾಲು ಸಿಗಬೇಕು. ಮಹಾರಾಷ್ಟ್ರ ಸರ್ಕಾರ ಬರದ ವರ್ಷಕ್ಕೆ ಪಶ್ಚಿಮದ ಹರಿವಿನ ಮೇಲ್ಮಿತಿಯನ್ನು ನಿಗದಿ ಮಾಡಿ, ಹಾಗೆ ಉಳಿಯುವ ನೀರಿನಲ್ಲಿ ಮಾರ್ಚ್‌ನಿಂದ ಮೇ ವರೆಗೆ ಉಜನಿಯ ಮೂಲಕ ಸೊನ್ನ ಬ್ಯಾರೇಜಿಗೆ ಮೂರು ಟಿಎಂಸಿ ತಲುಪಿಸುವ ಒಪ್ಪಂದವನ್ನು ಕರ್ನಾಟಕದೊಂದಿಗೆ ಮಾಡಿಕೊಳ್ಳಬಹುದು. ಪ್ರತಿಯಾಗಿ ಕರ್ನಾಟಕವು ತನ್ನ ಸೌರ ವಿದ್ಯುತ್ತನ್ನು ಆ ತಿಂಗಳುಗಳಲ್ಲಿ ಕೊಡಬಹುದು; ಮೂರು ಟಿಎಂಸಿಗೆ ಸಮನಾದದ್ದು ಸುಮಾರು ಹತ್ತು ಕೋಟಿ ಯೂನಿಟ್, ಪಾವಗಡಕ್ಕೆ ಅದು ಒಂದು ತಿಂಗಳ ಉತ್ಪಾದನೆಯ ಅರ್ಧದಷ್ಟೂ ಅಲ್ಲ. ಬೇಸಿಗೆ ಬಂದ ಮೇಲೆ ಪತ್ರ ಬರೆದು ಕೋರುವುದಕ್ಕಿಂತ, ಹೊಸ ಯಂತ್ರಗಳು ತಿರುಗುವ ಮುಂಚೆ ಕೊಡುಕೊಳ್ಳುವ ಈ ಪ್ರಸ್ತಾಪವನ್ನು ಬೆಂಗಳೂರು ಮುಂಬಯಿಯ ಮುಂದಿಡಬೇಕು.